ಹದಿನಾಲ್ಕಕ್ಕೆ ಓಗೊಟ್ಟವರು

ರಾತ್ರಿಯಿಡೀ ಬೀಸಿದ ಗಾಳಿ ಬೆಳಕು ಹರಿಯುವ ಹೊತ್ತಿಗೆ ನಿಂತಿತು. ಗಲಾಟೆ ಮಾಡುತ್ತಿದ್ದವರು ಹಿರಿಯರು ಒಳಗೆ ಬಂದದ್ದು ಕಂಡು ಬಾಯಿ ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ ನಿಂತಿತು. ಬೀದಿಯ ಕಲ್ಲುಗಳಿಗೆ ಒದ್ದೆ ಎಲೆಗಳು ಅಂಟಿಕೊಂಡಿದ್ದವು. ಆಕಾಶ ಮಾತ್ರ ಇದ್ಯಾವುದೂ ತನಗೆ ಗೊತ್ತೇ ಇಲ್ಲವೆಂಬಂತೆ ತಿಳಿಯಾಗಿತ್ತು. ರಾತ್ರಿ ಹೋದ ಕರೆಂಟು ಏಳು ಗಂಟೆಗೆ ಮರಳಿ ಬಂತು.

ಆ ಎಲೆಗಳ ಮೇಲೆ ಜಾರದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಅಂಬಿಗ ಕಾಲಿನ ಕಾರ್ಖಾನೆಗೆ ಬಂದ. ಬಾಗಿಲ ಮೇಲಿನ ಬೋರ್ಡಿನಲ್ಲಿ ಬೇರೇನೋ ಉದ್ದದ ಹೆಸರಿದೆ. ಕಾಲಿಲ್ಲದವರಿಗೆ ಕಾಲು ಮಾಡಿಕೊಡುವ ಜಾಗವಾದ್ದರಿಂದ ಜನರ ಬಾಯಲ್ಲಿ ಅದು ಕಾಲಿನ ಕಾರ್ಖಾನೆ. ಅಂಬಿಗನ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಹನ್ನೊಂದು ವರ್ಷದ ಹಿಂದೆ ದೋಣಿಯ ಹಗ್ಗಕ್ಕೆ ಸಿಕ್ಕಿ ಹೋದದ್ದು. ಇಲ್ಲಿ ಮಾಡಿಸಿಕೊಂಡ ಕಾಲಿನ ಮೇಲೆ ನಿಂತು ಅಂದಿನಿಂದ ದೋಣಿ ನಡೆಸುತ್ತಿದ್ದ. ಮೊನ್ನೆ ಆ ಕಾಲಿನ ಬಟ್ಟಲು, ಅಂದರೆ ಉಳಿದ ಮೋಟುಗಾಲು ಕೂರುವ ಭಾಗ, ಉದ್ದಕ್ಕೆ ಸೀಳು ಬಿಟ್ಟಿತ್ತು. ಅದಕ್ಕೆ ದೋಣಿಯ ಹಗ್ಗವನ್ನೇ ಸುತ್ತಿ, ಬಲಗೈಯಲ್ಲಿ ಒಂದು ಕೋಲು ಹಿಡಿದು ಬಂದಿದ್ದ.

ಕೋಲು ಅವನದಲ್ಲ. ಅದು ಈ ಕಾರ್ಖಾನೆಯ ಹಳೆಯ ಕೆಲಸಗಾರ ಉಳಿಯಜ್ಜನದು. ಪಾದಗಳನ್ನು ಮರದಲ್ಲಿ ಕೆತ್ತುವ ಕಾಲದಿಂದ ಇಲ್ಲಿ ಇದ್ದವರು, ಆದ್ದರಿಂದ ಆ ಹೆಸರು. ತಮಗೆ ವಯಸ್ಸಾದಾಗ ಬೇಕಾದೀತೆಂದು ಬಿಡುವಿನಲ್ಲಿ ಕೆತ್ತಿಟ್ಟುಕೊಂಡಿದ್ದ ಕೋಲನ್ನು, ಮೊದಲ ಸಲ ನಡೆಯಲು ಹೆದರಿ ಬೆವರುತ್ತ ನಿಂತಿದ್ದ ಅಂಬಿಗನ ಕೈಗೆ ಕೊಟ್ಟಿದ್ದರು. "ಇಟ್ಕೋ. ಬೇಡ ಅನ್ನಿಸಿದ ದಿನ ತಂದ್ಕೊಡು" ಎಂದಿದ್ದರು. ಬೇಡ ಅನ್ನಿಸಿ ಹತ್ತು ವರ್ಷವಾಗಿತ್ತು. ಆದರೂ ಕೋಲು ದೋಣಿಯ ಮೂಲೆಯಲ್ಲೇ ಉಳಿದಿತ್ತು. ಇರಲಿ, ಯಾವುದಕ್ಕೂ ಇರಲಿ ಎಂಬ ಮನಸ್ಸು ಮನುಷ್ಯನದು.

ಅಳತೆ ಕೋಣೆಯಲ್ಲಿ ಅಳತೆಯಕ್ಕ ಹೊಸ ಕಂಪ್ಯೂಟರನ್ನು ಆಗಲೇ ಚಾಲೂ ಮಾಡಿ ಕುಳಿತಿದ್ದರು. ಆಕೆ ಉಳಿಯಜ್ಜನ ಸೊಸೆ. ಬಂದವರ ಕಾಲಿನ ಅಳತೆ ತೆಗೆಯುವುದು, ಬರೆದಿಡುವುದು ಆಕೆಯ ಕೆಲಸ.

"ಹಗ್ಗ ಕಟ್ಕೊಂಡು ಬಂದಿದೀಯಲ್ಲಣ್ಣ. ಕಾಲಿಗೂ ಲಂಗರು ಹಾಕ್ಬಿಟ್ಟೆಯಾ?"

"ಏನ್ಮಾಡ್ಲಿ ಅಕ್ಕ. ಬಿಟ್ರೆ ಅದು ಒಂದು ದಿಕ್ಕು, ನಾನೊಂದು ದಿಕ್ಕು." ಅಂಬಿಗ ಬೆಂಚಿನ ಮೇಲೆ ಕೂತು ಉಸಿರು ಬಿಟ್ಟ. "ಸಂಜೆಗೆ ಆಗತ್ತಾ? ಹದಿನೈದು ದಿನದಿಂದ ದೋಣಿ ದಡದ ಮೇಲಿತ್ತು, ತಳ ರಿಪೇರಿಗೆ ಅಂತ. ನಾಳೆ ಬೆಳಿಗ್ಗೆ ನೀರಿಗೆ ಇಳಿಸ್ತಾರೆ. ಧಣಿ ಹೇಳ್ಬಿಟ್ಟಿದಾರೆ, ಚುಕ್ಕಾಣಿ ಹತ್ರ ನೀನು ನಿಂತಿದ್ರೆ ನೀನು, ಇಲ್ದಿದ್ರೆ ಬೇರೆಯವನು ಅಂತ. ಆ ಬೇರೆಯವನು ಆಗ್ಲೇ ನನ್ನ ಟೋಪಿ ಹಾಕ್ಕೊಂಡು ನೋಡ್ತಿದಾನೆ."

"ಅಳತೆ ಇರೋವಾಗ ಯಾಕೆ ಆಗಲ್ಲ? ಸಂಜೆ ನಾಲ್ಕಕ್ಕೆ ನಡ್ಕೊಂಡು ಹೋಗ್ತೀಯ. ನಂಬರು ಹೇಳು."

"ಇನ್ನೂರ ಹನ್ನೆರಡು."

ಈ ನಂಬರಿನ ಮಾತು ಸ್ವಲ್ಪ ಹೇಳಬೇಕು. ಇಲ್ಲಿ ಕಾಲು ಮಾಡಿಸಿಕೊಂಡ ಪ್ರತಿಯೊಬ್ಬರಿಗೂ ಒಂದು ನಂಬರು ಉಂಟು. ಅದನ್ನು ಪಾದದ ಅಡಿಯಲ್ಲಿ ಕೊರೆಯುತ್ತಾರೆ. ಕಾಲು ಸವೆಯುತ್ತದೆ, ಒಡೆಯುತ್ತದೆ, ಹೊಸದು ಬರುತ್ತದೆ. ನಂಬರು ಮಾತ್ರ ಹಳೆಯದೇ. ಹಳೆಯ ಕಾಲಿನ ನಂಬರು ಹೊಸ ಕಾಲಿಗೆ, ಇದು ಉಳಿಯಜ್ಜ ಹಾಕಿದ ನಿಯಮ. ಬಟ್ಟೆ ಬದಲಾಯಿಸಿದರೆ ಮನುಷ್ಯ ಬದಲಾಗುತ್ತಾನೇನು ಎನ್ನುತ್ತಿದ್ದರು ಅವರು. ಬೆಳಿಗ್ಗೆ ಉಳಿ ಹಿಡಿಯುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿ, ಆ ದಿನ ಕಾಲು ಪಡೆಯುವವರನ್ನು ನಂಬರಿನಿಂದಲೇ ನೆನೆದು ದೇವರಿಗೆ ಒಪ್ಪಿಸುತ್ತಿದ್ದರು. ತಾವು ಹೆಸರು ಮರೆತರೂ ದೇವರಿಗೆ ಲೆಕ್ಕ ತಪ್ಪುವುದಿಲ್ಲ ಎಂಬುದು ಅವರ ನಂಬಿಕೆ.

ಅಳತೆಯಕ್ಕ ನಂಬರು ಒತ್ತಿದರು. ತೆರೆಯ ಮೇಲೆ ಸಣ್ಣದೊಂದು ಚಕ್ರ ತಿರುಗಿತು, ತಿರುಗಿತು, ಕೊನೆಗೆ ಒಂದು ಸಾಲು ಬಂತು. *ಡೇಟಾಬೇಸ್ ಸರ್ವರ್ ಜೊತೆ ಸಂಪರ್ಕ ಸಿಗುತ್ತಿಲ್ಲ.*

ಮತ್ತೆ ಒತ್ತಿದರು. ಅದೇ ಸಾಲು. ಮುಂದಿನ ಆಫೀಸಿಗೆ ಹೋಗಿ ಅಲ್ಲಿಯ ಕಂಪ್ಯೂಟರಿನಲ್ಲಿ ನೋಡಿದರು. ಅಲ್ಲೂ ಅದೇ. ಹಿಂದಿರುಗಿ ಬರುವಾಗ ಆಕೆಯ ನಡೆ ನಿಧಾನವಾಗಿತ್ತು.

"ಏನಾಯ್ತಕ್ಕ?"

"ಎಲ್ಲರ ಅಳತೆನೂ ಹಿಂದಿನ ಕೋಣೆಯ ಒಂದು ಮಷಿನಲ್ಲಿದೆ, ಸರ್ವರು ಅಂತ. ಇವೆಲ್ಲ ಅಲ್ಲಿಂದ ಕೇಳಿ ತಗೊಳ್ಬೇಕು. ಅದು ಸಿಗ್ತಿಲ್ಲ. ರಾತ್ರಿ ಗಾಳಿಗೆ ಕರೆಂಟು ಹೋಯ್ತಲ್ಲ..."

ಬಟ್ಟಲಿನ ಅಚ್ಚನ್ನು ಇವತ್ತೇ ಹೊಸದಾಗಿ ತೆಗೆಯಬಹುದು, ಅದು ಅಂಬಿಗನಿಗೆ ಗೊತ್ತಿತ್ತು. ಆದರೆ ಪಾದ ಎಷ್ಟು ಹೊರಕ್ಕೆ ತಿರುಗಬೇಕು, ಬಟ್ಟಲು ಎಷ್ಟು ಮುಂದಕ್ಕೆ ಬಾಗಬೇಕು ಎಂಬ ಓರೆಯ ಲೆಕ್ಕವಿದೆಯಲ್ಲ, ಅದನ್ನು ಕಂಡುಹಿಡಿಯಲು ಹನ್ನೊಂದು ವರ್ಷದ ಹಿಂದೆ ಮೂರು ತಿಂಗಳು ಹಿಡಿದಿತ್ತು. ಸೀಳಿ ಓರೆ ತಪ್ಪಿದ ಹಳೆಯ ಕಾಲಿನಿಂದ ಅದನ್ನು ಅಳೆಯುವಂತಿರಲಿಲ್ಲ. ಅಲುಗಾಡುವ ದೋಣಿಯ ಮೇಲೆ ನಿಲ್ಲುವವನ ಕಾಲು, ನೆಲದ ಮೇಲೆ ನಡೆಯುವವರ ಕಾಲಿನಂತಲ್ಲ. ಬರೆದಿಟ್ಟ ಹಳೆಯ ಕಾರ್ಡುಗಳೆಲ್ಲ ಮಾಡು ಸೋರಿದ ವರ್ಷ ಗಂಜಿಯಂತಾಗಿದ್ದವು.

"ಅಜ್ಜಂಗೆ ನೆನಪಿರತ್ತಲ್ವಾ?"

ಬಾಗಿಲಿನಿಂದ ಉತ್ತರ ಬಂತು. "ಕೈಗೆ ನೆನಪಿದೆ ಕಣಪ್ಪಾ, ತಲೆಗಿಲ್ಲ." ಉಳಿಯಜ್ಜ ಗೋಡೆಯ ಮೇಲೆ ಅಂಗೈ ಊರಿ ನಿಂತಿದ್ದರು. "ಅಂದಾಜಿಗೆ ಮಾಡ್ಕೊಡ್ತೀನಿ ಅಂದ್ರೆ ಮಾಡ್ಕೊಡಬಹುದು. ಆದ್ರೆ ನೀನು ನಾಳೆ ದಡದಲ್ಲಿ ಅಲ್ಲ, ನೀರಲ್ಲಿ ನಿಲ್ಬೇಕಾದೋನು."

ಅಳತೆಯಕ್ಕ ವೈರಮ್ಮನಿಗೆ ಫೋನು ಮಾಡಿದರು.

ವೈರಮ್ಮ ಎಂದರೆ ಸುತ್ತಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ನಲವತ್ತರ ಹೆಂಗಸು. ಚೀಲದಿಂದ ಯಾವಾಗಲೂ ಒಂದೆರಡು ವೈರು ಇಣುಕುತ್ತಿದ್ದುದರಿಂದ ಅಜ್ಜ ಇಟ್ಟ ಹೆಸರು. ಅರ್ಧ ಗಂಟೆಯಲ್ಲಿ ಸೈಕಲ್ಲಿನಲ್ಲಿ ಬಂದಳು. ಚಕ್ರದ ತುಂಬ ಎಲೆ ಮೆತ್ತಿಕೊಂಡಿತ್ತು.

"ಮೊದಲು ಯಾರೂ ಹೆದರ್ಬೇಡಿ" ಎಂದಳು ಒಳಗೆ ಬರುತ್ತಲೇ. "ಹೆದರೋದಾದ್ರೆ ನಾನು ಹೇಳಿದ ಮೇಲೆ ಎಲ್ಲರೂ ಒಟ್ಟಿಗೆ ಹೆದರೋಣ."

ಹಿಂದಿನ ಕೋಣೆಯಲ್ಲಿ ಪ್ಲಾಸ್ಟರಿನ ಮೂಟೆಗಳ ಮೇಲಿನ ಹಲಗೆಯಲ್ಲಿ ಸರ್ವರು ಇತ್ತು. ಎರಡು ತಿಂಗಳ ಹಿಂದಿನವರೆಗೆ ಅದು ಅಳತೆ ಕೋಣೆಯ ಕಂಪ್ಯೂಟರೇ ಆಗಿತ್ತು. ಆಗಿದ್ದ ಸರ್ವರು ಕೆಡುತ್ತ ಬಂದಾಗ ವೈರಮ್ಮ ಎಲ್ಲ ಅಳತೆಗಳನ್ನೂ ಈ ಗಟ್ಟಿ ಮಷಿನಿಗೆ ತುಂಬಿ, ಇದನ್ನೇ ಸರ್ವರು ಮಾಡಿ ಇಲ್ಲಿ ಕೂರಿಸಿದ್ದಳು. ಇದಕ್ಕೆ ತೆರೆಯಿಲ್ಲ, ಕೀಲಿಮಣೆಯಿಲ್ಲ. ಬಾಯಿ ಮುಚ್ಚಿಕೊಂಡು ದುಡಿಯುವ ಮಷಿನು. ಅಲ್ಲಿಂದೀಚೆಗೆ ಅಳತೆಯಕ್ಕ ಪ್ರತಿ ಅಳತೆಗೂ ಆಫೀಸಿಗೆ ಓಡಾಡುತ್ತಿದ್ದರು. ನಿನ್ನೆ ಸಂಜೆಯಷ್ಟೇ ಅಳತೆ ಕೋಣೆಗೆ ಹೊಸದು ಬಂದಿತ್ತು. ಅದನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಗಾಳಿ ಎದ್ದು ಕರೆಂಟು ಹೋಗಿತ್ತು.

ವೈರಮ್ಮ ಸರ್ವರಿನ ಮೇಲೆ ಅಂಗೈ ಇಟ್ಟಳು, ಜ್ವರ ಬಂದ ಮಗುವಿನ ಹಣೆ ನೋಡುವಂತೆ. ಬೆಚ್ಚಗಿತ್ತು. ಫ್ಯಾನು ಸಣ್ಣಗೆ ಗುನುಗುತ್ತಿತ್ತು. ಕೇಬಲ್ಲಿನ ಬಾಯಲ್ಲಿ ಹಸಿರು ದೀಪ ಮಿಣುಗುತ್ತಿತ್ತು.

"ಜೀವ ಇದೆ. ಇದರ ಮುಖ ನೋಡೋಣ ಅಂದ್ರೆ ತೆರೆ ಸಿಕ್ಕಿಸೋ ಹಳೇ ವೈರು ಮನೇಲಿದೆ. ಇರ್ಲಿ, ಆ ಕಡೆಯಿಂದ ಕೂಗಿ ನೋಡ್ತೀನಿ."

ಅಳತೆ ಕೋಣೆಗೆ ಬಂದು ಹೊಸ ಕಂಪ್ಯೂಟರಿನ ಮುಂದೆ ಕೂತಳು. ಒಂದೇ ಕಟ್ಟಡದ ಕಂಪ್ಯೂಟರುಗಳಿಗೂ ಮನೆ ನಂಬರಿನಂತೆ ಒಂದೊಂದು ನಂಬರು ಇರುತ್ತದೆ, ಆ ನಂಬರು ಹಿಡಿದೇ ಒಂದನ್ನೊಂದು ಹುಡುಕುವುದು ಎಂದು ಅಂಬಿಗನಿಗೆ ಹೇಳಿದಳು. ಸರ್ವರಿನದು ಹದಿನಾಲ್ಕು. ಕೀಲಿಮಣೆ ಒತ್ತಿ, ಇದ್ದೀಯಾ ಎಂದು ಹದಿನಾಲ್ಕನ್ನು ಕೂಗಿದಳು. ಕೂಗಿದ ಮರುಕ್ಷಣ ತೆರೆಯ ಮೇಲೆ ಉತ್ತರ ಬಂತು. ಮತ್ತೆ ಮತ್ತೆ, ಸಾಲು ಸಾಲಾಗಿ ಬಂತು.

"ಓಗೊಡ್ತಿದಾನೆ!" ಎಂದ ಅಂಬಿಗ.

"ಓಗೊಡ್ತಾನೆ. ಅಳತೆ ಕೊಡಪ್ಪಾ ಅಂದ್ರೆ ಬಾಗಿಲು ತೆಗೀತಿಲ್ಲ. ಒಳಗೆ ಕೂತು ಹೂಂ ಅಂತಾನೆ, ಎದ್ದು ಬರಲ್ಲ."

"ನಮ್ಮನೆಯವರ ಹಾಗೆ" ಎಂದರು ಅಳತೆಯಕ್ಕ.

"ನನ್ನ ಮಗನ್ನ ಅಂತಿದೀಯಾ?" ಎಂದರು ಅಜ್ಜ.

"ನಿಮ್ಮ ಮಗನ್ನೇ ಮಾವ."

"ಹಾಗಾದ್ರೆ ಸರಿ."

ವೈರಮ್ಮ ಹಿಂದೆ ಹೋಗಿ ಸರ್ವರನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಚಾಲೂ ಮಾಡಿದಳು. ಎಲ್ಲರೂ ಐದು ನಿಮಿಷ ಕಾದರು. ಬಾಗಿಲು ತೆರೆಯಲಿಲ್ಲ. ಕೇಬಲ್ಲು ಬದಲಾಯಿಸಿದಳು. ಇಲ್ಲ. ಗಡಿಯಾರ ಹತ್ತೂಮುಕ್ಕಾಲು ತೋರಿಸಿತು. ಹನ್ನೆರಡರೊಳಗೆ ಬಟ್ಟಲಿನ ಪ್ಲಾಸ್ಟಿಕ್ ಹಾಳೆ ಒಲೆಗೆ ಹೋಗದಿದ್ದರೆ ಸಂಜೆಗೆ ಕಾಲಿಲ್ಲ.

"ಈ ಅಳತೆಗಳ ನಕಲು ಬೇರೆಲ್ಲಾದ್ರೂ ಇದೆಯೇನಮ್ಮಾ?" ಅಜ್ಜ ಮೆಲ್ಲಗೆ ಕೇಳಿದರು.

ವೈರಮ್ಮ ತಲೆ ತಗ್ಗಿಸಿದಳು. "ಇಲ್ಲ ಅಜ್ಜ. ಹೊಸ ಮಷಿನ್ ಬಂದ ಮೇಲೆ ಅದರಲ್ಲಿ ನಕಲು ಇಡೋಣ ಅಂತಿದ್ದೆ. ಎರಡು ತಿಂಗಳು ಮುಂದೂಡಿದೆ. ಅದು ನನ್ನ ತಪ್ಪು."

ಯಾರೂ ಬೈಯಲಿಲ್ಲ. ಬೈದಿದ್ದರೇ ಹಗುರವಾಗುತ್ತಿತ್ತೇನೋ. ಅಜ್ಜ ನೀರು ತರಲೆಂದು ತಿರುಗಿದವರು ಗೋಡೆ ಹಿಡಿದೇ ನಾಲ್ಕು ಹೆಜ್ಜೆ ಹೋಗಿ, ಗೋಡೆ ಮುಗಿದ ಕಡೆ ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತರು.

"ಒಂದು ಕೋಲು ಹಿಡ್ಕೊಳ್ಳಿ ಅಂತ ಎಷ್ಟು ಸಲ ಹೇಳಿದೀನಿ ಮಾವ" ಎಂದರು ಸೊಸೆ. "ನಾನೇ ತಂದ್ಕೊಡ್ತೀನಿ."

"ಊರಿಗೆಲ್ಲ ಕಾಲು ಕೊಟ್ಟೋನು ಕೋಲು ಹಿಡ್ಕೊಂಡು ಬಂದ್ರೆ ಬಂದವರು ಏನಂದ್ಕೋತಾರೆ? ಗೋಡೆ ಇದೆಯಲ್ಲ. ಈ ಗೋಡೆನೂ ನಾನೂ ನಲವತ್ತು ವರ್ಷದ ಸ್ನೇಹಿತರು."

ಅಂಬಿಗ ತನ್ನ ಮೊಣಕಾಲಿನ ಮೇಲೆ ಅಡ್ಡ ಇಟ್ಟಿದ್ದ ಕೋಲನ್ನು ನೋಡಿದ. ಆಮೇಲೆ ನೆಲ ನೋಡಿದ.

ವೈರಮ್ಮ ಎದ್ದಳು. "ಅಕ್ಕಾ, ಒಂದು ಕೆಲಸ ಮಾಡಿ. ಇಲ್ಲಿ ಹದಿನಾಲ್ಕನ್ನ ಕೂಗ್ತಾ ಇರೋ ಹಾಗೆ ಬಿಟ್ಟಿದೀನಿ. ನಾನು ಹಿಂದೆ ಹೋಗಿ ಸರ್ವರಿನ ಕೇಬಲ್ಲನ್ನ ಕಿತ್ತುಬಿಡ್ತೀನಿ. ಓಗೊಡೋದು ನಿಂತ ಕೂಡಲೇ 'ನಿಂತಿತು' ಅಂತ ಕೂಗಿ. ಅಷ್ಟಾದ್ರೆ ದಾರಿ ಸರಿಯಿದೆ, ಕೆಟ್ಟಿರೋದು ಒಳಗೆ ಅಂತ ಆಯ್ತು."

ಅಂಗಳ ದಾಟಿ ಹೋದಳು. ಸ್ವಲ್ಪ ಹೊತ್ತಿಗೆ ದನಿ ಬಂತು. "ನಿಂತಿತಾ?"

"ಇಲ್ಲ!"

"ಈಗ?"

"ಬರ್ತಾನೇ ಇದೆ!"

"ಸರಿಯಾಗಿ ನೋಡಿ ಅಕ್ಕಾ, ಕಿತ್ತಿದೀನಿ!"

"ಸರಿಯಾಗೇ ನೋಡ್ತಿದೀನಿ ಕಣಮ್ಮಾ, ಕಣ್ಣು ಕಿತ್ತಿಲ್ಲ ನಂದು! ಬರ್ತಾನೇ ಇದೆ!"

ವೈರಮ್ಮ ಕಿತ್ತ ಕೇಬಲ್ಲನ್ನು ಕೈಯಲ್ಲಿ ಹಿಡಿದೇ ಬಂದು ಬಾಗಿಲಲ್ಲಿ ನಿಂತಳು. ತೆರೆಯ ಮೇಲೆ ಉತ್ತರಗಳು ಒಂದರ ಕೆಳಗೊಂದು ನೆಮ್ಮದಿಯಾಗಿ ಇಳಿಯುತ್ತಿದ್ದವು.

"ಹದಿನಾಲ್ಕರ ನಾಲಿಗೆ ನನ್ನ ಕೈಯಲ್ಲಿದೆ" ಎಂದಳು ಮೆಲ್ಲಗೆ. "ಹಾಗಾದ್ರೆ ಮಾತಾಡ್ತಿರೋನು ಯಾರು?"

ಕೂತಳು. ಉತ್ತರಗಳನ್ನು ಇನ್ನೊಮ್ಮೆ ನೋಡಿದಳು. ಎಷ್ಟು ಬೇಗ ಬರುತ್ತಿವೆ! ಅಂಗಳದಾಚೆಯಿಂದ ಬರುವ ದನಿ ಸ್ವಲ್ಪವಾದರೂ ತಡವಾಗಬೇಕು. ಇದು ಕಿವಿಯಲ್ಲೇ ಹೇಳಿದಂತಿದೆ. ಬೆಳಿಗ್ಗೆಯೇ ಇದು ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಹೊಸ ಕಂಪ್ಯೂಟರಿನ ಸ್ವಂತ ನಂಬರು ಯಾವುದೆಂದು ತೆಗೆದು ನೋಡಿದಳು.

ಹದಿನಾಲ್ಕು.

"ಇದಕ್ಕೆ ಈ ನಂಬರು ಯಾರು ಕೊಟ್ಟಿದ್ದು?"

ಅಳತೆಯಕ್ಕ ಮಾವನ ಕಡೆ ನೋಡಿದರು. ಅಜ್ಜ ತಾವೇ ಹೇಳಿದರು. "ನಾನು." ಕಪಾಟಿನಿಂದ ನಂಬರಿನ ಪುಸ್ತಕ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಕಾಲುಗಳ ನಂಬರು ಮುಗಿದ ಮೇಲೆ ಕೊನೆಯ ಹಾಳೆಯಲ್ಲಿ ಕೋಣೆಗಳ ಯಂತ್ರಗಳ ನಂಬರುಗಳೂ ಇದ್ದವು. 'ಅಳತೆ ಕೋಣೆ, ಹದಿನಾಲ್ಕು' ಎಂದು ಅವರದೇ ದುಂಡನೆಯ ಅಕ್ಷರ. "ನಿನ್ನೆ ಅಂಗಡಿ ಹುಡುಗರು ಮಷಿನ್ ಇಟ್ಟು ಹೋದ್ರು. ಒಂದು ಕಡೆ ನಂಬರು ತುಂಬಿ ಅಂತ ಅದು ಕೇಳ್ತು. ಈ ಕೋಣೆಯ ಹಳೇದು ಹೋಗಿ ಹೊಸದು ಬಂದಿದೆ. ಹಳೇದರ ನಂಬರು ಹೊಸದಕ್ಕೆ. ನಮ್ಮಲ್ಲಿ ಮೊದಲಿಂದ ಹಾಗೇ ಅಲ್ವಾ?"

"ನಾನೂ ಅದೇ ಸರಿ ಅಂತ ಒತ್ತಿದೆ" ಎಂದರು ಸೊಸೆ.

ವೈರಮ್ಮನಿಗೆ ನಗು ಬಂತು, ತಡೆದುಕೊಂಡಳು. "ನಿಯಮ ಸರಿಯಾಗೇ ಇದೆ ಅಜ್ಜ. ಆದ್ರೆ ಹಳೇ ಕಾಲು ಸವೆದು ಹೋಗಿಲ್ಲ. ಎದ್ದು ಹೋಗಿ ಹಿಂದಿನ ಕೋಣೆಯಲ್ಲಿ ಕೂತು ಇನ್ನೂ ದುಡೀತಾ ಇದೆ, ಅದೇ ನಂಬರು ಇಟ್ಕೊಂಡು. ಕರೆಂಟು ಬಂದಾಗ ಈ ಹೊಸದನ್ನ ಮೊದಲು ಚಾಲೂ ಮಾಡಿದ್ರಿ ಅಲ್ವಾ?"

"ಹೌದು. ಆಮೇಲೆ ಹಿಂದೆ ಹೋಗಿ ಸರ್ವರು."

"ಅಲ್ಲೇ ಆಗಿದ್ದು. ಮೊದಲು ಎದ್ದವನು ನಂಬರು ಹಿಡ್ಕೊಂಡ. ಸರ್ವರು ಎದ್ದು ನೋಡಿದ್ರೆ ತನ್ನ ಹೆಸರಲ್ಲಿ ಇನ್ನೊಬ್ಬ ಕೂತಿದಾನೆ. ಬಾಯಿಲ್ಲದ ಪ್ರಾಣಿ, ಯಾರಿಗೆ ಹೇಳತ್ತೆ? ಸುಮ್ಮನೆ ಕೂತ್ಕೊಂಡ್ತು. ಆಫೀಸಿನವರು ಕೂಗಿದ್ರೂ ಇಲ್ಲಿಗೇ ಬರತ್ತೆ. ಇವನ ಹತ್ರ ಅಳತೆ ಎಲ್ಲಿದೆ ಕೊಡೋದಕ್ಕೆ?"

ಅಂಬಿಗ ಹೊಸ ಕಂಪ್ಯೂಟರಿನತ್ತ ಬೆರಳು ತೋರಿಸಿದ. "ಅಂದ್ರೆ ಬೆಳಿಗ್ಗೆಯಿಂದ ಇದು ತನ್ನನ್ನೇ ತಾನು ಕೂಗ್ತಾ ಇತ್ತಾ?"

"ಕೂಗಿದ್ದೂ ಇದೇ, ಓಗೊಟ್ಟಿದ್ದೂ ಇದೇ."

"ನಮ್ಮ ಧಣಿ ಲೆಕ್ಕ ಕೇಳೋದೂ ಹೀಗೇ" ಎಂದ ಅಂಬಿಗ. ಅಳತೆಯಕ್ಕ ಬಾಯಿಗೆ ಸೆರಗು ಒತ್ತಿ ನಕ್ಕರು. ನಗು ಸುತ್ತಿ ಬಂದು ಅಜ್ಜನ ಹತ್ತಿರ ಬಂದಾಗ ನಿಂತಿತು. ಅವರು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದರು.

"ನನ್ನಿಂದ ಇವನ ಚುಕ್ಕಾಣಿ ಹೋಗ್ತಿತ್ತಲ್ಲ" ಎಂದರು.

"ಹೋಗಿಲ್ಲವಲ್ಲ ಅಜ್ಜ" ಎಂದಳು ವೈರಮ್ಮ. "ಇಪ್ಪತ್ತೇಳು ಖಾಲಿ ಇದೆ. ಹೊಸ ಮಷಿನಿಗೆ ಅದನ್ನ ಕೊಡೋಣ. ಪುಸ್ತಕದಲ್ಲಿ ನೀವೇ ಬರೀರಿ."

ಅಜ್ಜ ಕನ್ನಡಕ ಸರಿಮಾಡಿಕೊಂಡು ಬರೆದರು. 'ಅಳತೆ ಕೋಣೆ, ಹೊಸದು, ಇಪ್ಪತ್ತೇಳು.' ಅದರ ಕೆಳಗೆ, ಯಾರೂ ಹೇಳದಿದ್ದರೂ, ಇನ್ನೊಂದು ಸಾಲು ಸೇರಿಸಿದರು. 'ಹದಿನಾಲ್ಕು ಹಿಂದಿನ ಕೋಣೆಯಲ್ಲಿದ್ದಾರೆ.' ಬರೆದದ್ದು ಬಹುವಚನದಲ್ಲಿ. ದುಡಿಯುವವರ ಬಗ್ಗೆ ಅವರು ಹಾಗೆಯೇ ಬರೆಯುತ್ತಿದ್ದರು.

ವೈರಮ್ಮ ಹೊಸದಕ್ಕೆ ಇಪ್ಪತ್ತೇಳು ಕೊಟ್ಟಳು. ಹಿಂದೆ ಹೋಗಿ ಕೇಬಲ್ಲು ಸಿಕ್ಕಿಸಿ ಸರ್ವರನ್ನು ಮತ್ತೊಮ್ಮೆ ಎಬ್ಬಿಸಿದಳು. ಬಂದು ಕೂಗಿದಳು. ಈ ಸಲ ಉತ್ತರ ಬರಲು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ, ಆದರೂ ಒಂದಿಷ್ಟು ತಡವಾಯಿತು. ಆ ತಡ ಕಂಡು ಆಕೆಯ ಭುಜ ಸಡಿಲವಾಯಿತು.

"ಇನ್ನೂರ ಹನ್ನೆರಡು ಒತ್ತಿ ಅಕ್ಕಾ."

ಅಳತೆಯಕ್ಕ ಒತ್ತಿದರು. ಚಕ್ರ ಒಮ್ಮೆ ತಿರುಗಿ ಮಾಯವಾಯಿತು. ಹಾಳೆ ತೆರೆದುಕೊಂಡಿತು. ಆಕೆ ಗಟ್ಟಿಯಾಗಿ ಓದಿದರು. "ಎಡಗಾಲು. ಪಾದ ಹೊರಕ್ಕೆ ಏಳು ಡಿಗ್ರಿ. ಬಟ್ಟಲು ಮುಂದಕ್ಕೆ ಐದು, ಒಳಕ್ಕೆ ಎರಡು. ದೋಣಿಯಲ್ಲಿ ನಿಲ್ಲುವವರು, ಹಿಮ್ಮಡಿ ಮೆತ್ತಗಿರಲಿ."

"ಏಳು" ಎಂದರು ಅಜ್ಜ ಕಣ್ಣು ಮುಚ್ಚಿ. "ಹೌದು, ಏಳು. ಮೂರು ತಿಂಗಳು ಆರಕ್ಕೂ ಎಂಟಕ್ಕೂ ಒದ್ದಾಡಿದ್ವಿ."

ಆಮೇಲೆ ಆದದ್ದು ದಿನವೂ ಆಗುವ ಕೆಲಸ. ಅಳತೆಯಕ್ಕ ಅಂಬಿಗನ ಮೋಟುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದರು. ಅಜ್ಜ ಅಚ್ಚನ್ನು ತಿದ್ದಿದರು. ಒಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಮೆತ್ತಗಾಗಿ ಬಾಗಿದಾಗ ಅದನ್ನು ಅಚ್ಚಿನ ಮೇಲೆ ಎಳೆದು ಒತ್ತಿದರು. ವೈರಮ್ಮ ಹೋಗಲಿಲ್ಲ. ಅಳತೆ ಕೋಣೆಯ ಮೂಲೆಯಲ್ಲಿ ಕೂತು, ಎರಡು ತಿಂಗಳು ಮುಂದೂಡಿದ್ದ ನಕಲಿನ ಕೆಲಸ ಮುಗಿಸಿದಳು. ಎಲ್ಲರ ಅಳತೆಗಳೂ ಒಂದೊಂದಾಗಿ ಹಿಂದಿನ ಕೋಣೆಯಿಂದ ಅಂಗಳ ದಾಟಿ ಬಂದವು.

ನಾಲ್ಕು ಗಂಟೆಗೆ ಅಂಬಿಗ ಹಿಡಿದು ನಡೆಯುವ ಎರಡು ಕಂಬಿಗಳ ನಡುವೆ ಕನ್ನಡಿಯ ಎದುರು ನಿಂತ. ಅಜ್ಜ ಪಾದದ ಅಡಿಯಲ್ಲಿ ಇನ್ನೂರ ಹನ್ನೆರಡು ಎಂದು ಕೊರೆದಿದ್ದರು. ಮೊದಲ ಹೆಜ್ಜೆ ಇಟ್ಟ. ಎರಡನೆಯದು ಇಟ್ಟ. ಮೂರನೆಯದಕ್ಕೆ ಕಂಬಿ ಬಿಟ್ಟ. ನಿಂತಲ್ಲೇ ಮೈಯನ್ನು ಎಡಕ್ಕೆ, ಬಲಕ್ಕೆ ತೂಗಿ ನೋಡಿದ. ಅಲೆ ಬಂದು ಹೋದ ಹಾಗೆ.

"ಹೇಗಿದೆ?" ಎಂದರು ಅಜ್ಜ.

"ನೀರಿದೆ ಅನ್ಸತ್ತೆ ಕೆಳಗೆ."

ಅಜ್ಜನಿಗೆ ಅದಕ್ಕಿಂತ ಹೆಚ್ಚಿನ ಮಾತು ಬೇಕಿರಲಿಲ್ಲ. ಉಳಿಗಳನ್ನು ಒರೆಸಲು ತಮ್ಮ ಕೆಲಸದ ಮೇಜಿನ ಕಡೆ ಹೊರಟರು. ಕಂಬಿಗಳಿಂದ ಮೇಜಿಗೆ ಹತ್ತು ಹೆಜ್ಜೆ, ನಡುವೆ ಗೋಡೆಯಿಲ್ಲ. ಅವರು ಕೊನೆಯ ಕಂಬಿ ಹಿಡಿದು ನಿಂತು, ಆ ಬಯಲನ್ನು ಒಮ್ಮೆ ನೋಡಿ, ಮೆಲ್ಲಗೆ ದಾಟಿದರು.

ಸೊಸೆ ಕಪಾಟು ಮುಚ್ಚುತ್ತಿದ್ದರು. ವೈರಮ್ಮ ಹೊರಗೆ ಸೈಕಲ್ಲಿನ ಚಕ್ರದಿಂದ ಎಲೆ ಬಿಡಿಸುತ್ತಿದ್ದಳು. ಅಂಬಿಗ ಬೆಂಚಿನ ಮೇಲಿದ್ದ ಕೋಲನ್ನು ಎತ್ತಿಕೊಂಡ. ಊರಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ಹೊಸ ಕಾಲಿನಲ್ಲಿ ಸಲೀಸಾಗಿ ನಡೆದು ಮೇಜಿನ ಬಳಿ ಹೋದ. ಹಿಡಿಯ ಮೇಲೆ ಅಂಟಿದ್ದ ಬೆವರನ್ನು ತನ್ನ ತೋಳಿನಿಂದ ಒರೆಸಿದ.

"ಅಜ್ಜ, ಇದು ನಿಮ್ಮದು. ಬೇಡ ಅನ್ನಿಸಿದ ದಿನ ತಂದ್ಕೊಡು ಅಂದಿದ್ರಿ. ನಾನೇ ತಡ ಮಾಡಿದೆ" ಎಂದು, ಬೇರೆ ಯಾರಿಗೂ ಕೇಳದಂತೆ ಹೇಳಿ, ಕೋಲನ್ನು ಅವರ ಕೈಯಲ್ಲಿಟ್ಟ.